ಗೈರ್ ಮುಲ್ಕಿ ನರ್ಸಬಾಯಿಯ ಬ್ಯಾಂಕ್ ಖಾತೆ

೩ ಜುಲೈ ೧೯೪೭, ಹುಮನಾಬಾದ

ಮಧ್ಯಾಹ್ನದ ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರ್ ಸಾಹೇಬರು ಕರೆದರು. ಅವರ ಮುಖ ನೋಡಿದಾಗಲೇ ಏನೋ ಬೇಡದ ಸುದ್ದಿ ಎಂದು ಗೊತ್ತಾಯಿತು. ನಮ್ಮ ಧರ್ಮಾರ್ಥ ದವಾಖಾನೆ ನಡೆಸುವ ಸಾವಕಾರರ ಕಮಿಟಿ ಹೊಸ ಹುಕುಂ ಮಾಡಿದೆಯಂತೆ. ಹಿಂದಿನ ಕಂಪೌಂಡರ್ ಪಗಾರ ಮುಂಗಡ ಇಸಿದುಕೊಂಡು ಸೊಲ್ಲಾಪುರದ ಮೋಟಾರು ಹತ್ತಿದವನು ತಿರುಗಿ ಮುಖ ತೋರಿಸಲಿಲ್ಲವಲ್ಲ, ಅವನ ಪಾಪ ಈಗ ನನ್ನ ತಲೆಗೆ ಬಂತು. ಗೈರ್ ಮುಲ್ಕಿಗಳಿಗೆ, ಅಂದರೆ ನಿಜಾಮರ ಸೀಮೆಯ ಹೊರಗೆ ಹುಟ್ಟಿ ಇಲ್ಲಿ ಬಂದು ದುಡಿಯುವವರಿಗೆ, ಇನ್ನು ಪಗಾರ ಕೈಗೆ ಕೊಡುವುದಿಲ್ಲ. ಊರಿನ ಬ್ಯಾಂಕಿನಲ್ಲಿ ಅವರ ಹೆಸರಿನ ಖಾತೆ ಇರಬೇಕು. ಖಾತೆ ಆಗಬೇಕಾದರೆ ಊರಿನವರು ಯಾರಾದರೂ ಗುರುತು ಹೇಳಬೇಕು. ಹಾಗಾದರೆ ನಾಳೆ ನಾವು ಓಡಿಹೋದರೆ ಹಿಡಿದು ಕೇಳಲು ಒಬ್ಬರು ಇದ್ದಂತಾಗುತ್ತದೆ. ನವೆಂಬರ್ ಮುಗಿಯುವುದರೊಳಗೆ ಖಾತೆ ಆಗದಿದ್ದರೆ ನನ್ನ ಜಾಗಕ್ಕೆ ಬೀದರಿನಿಂದ ಮುಲ್ಕಿ ನರ್ಸು ಬರುತ್ತಾಳೆ.

"ಓಡಿ ಹೋಗೋವರ ಹಂಗ ಕಾಣ್ಲಿಕ್ಕ ಹತ್ತೀನೇನ್ರಿ ನಾನು?" ಎಂದು ಕೇಳಿದೆ.

"ನೀವು ಬಂದು ಎರಡು ವರ್ಷಾತು. ಇನ್ನೂ ಪೆಟ್ಟಿಗಿ ಹಗ್ಗ ಬಿಚ್ಚಿಲ್ಲಂತ ಕೇಶರಬಾಯಿ ಊರೆಲ್ಲಾ ಹೇಳ್ಕೋತ ತಿರಗಾಕತ್ತಾಳ," ಎಂದು ಅವರು ನಕ್ಕರು.

ಕೇಶರಬಾಯಿ ನನ್ನ ಮನೆಯೊಡತಿ. ಮಾಣಿಕನಗರದಲ್ಲಿ ಅವಳ ಮನೆಯ ಹಿಂದಿನ ಕೋಣೆ ನನಗೆ ಬಾಡಿಗೆ. ಅವಳ ಬಾಯಿಗೆ ಬಾಗಿಲಿಲ್ಲ. ಆದರೆ ಹೇಳಿದ್ದು ಸುಳ್ಳೇನಲ್ಲ. ಸೀರೆ ಬೇಕಾದರೆ ಹಗ್ಗ ಸಡಿಲಿಸಿ ಕೈ ತೂರಿಸಿ ತೆಗೆದುಕೊಳ್ಳುತ್ತೇನೆ, ಮತ್ತೆ ಬಿಗಿಯುತ್ತೇನೆ. ಇದು ನನ್ನ ಊರಲ್ಲ, ಯಾಕೆ ಬಿಚ್ಚಲಿ?

ಹಾಗಂತ ಹೋಗುವುದೆಲ್ಲಿಗೆ? ಧಾರವಾಡದಲ್ಲಿ ಅಣ್ಣನ ಮನೆಯಿದೆ. ಅಲ್ಲಿ ನಾನು ನರ್ಸು ಗಿರಿಜಾಬಾಯಿ ಅಲ್ಲ, ಗಂಡ ಸತ್ತ ತಂಗಿ. ಬೆಳಗಾದರೆ ಒಲೆ, ಸಂಜೆಯಾದರೆ ಒಲೆ, ಮನೆಯಲ್ಲಿ ಶುಭಕಾರ್ಯವಿದ್ದರೆ ಹಿತ್ತಲು. ಕೆಲಸ ಹೋದರೆ ಆ ಒಲೆಯೇ ಗತಿ. ಧಾರವಾಡದ ನೆನಪಾದರೆ ಕಣ್ಣು ತುಂಬುತ್ತದೆ, ಅಣ್ಣನ ಅಡಿಗೆಮನೆಯ ನೆನಪಾದರೆ ಕಣ್ಣು ಒಣಗುತ್ತದೆ. ನಾಳೆಯೇ ಬ್ಯಾಂಕಿಗೆ ಹೋಗುವುದು.

೧೧ ಜುಲೈ

ನಾಳೆ ನಾಳೆ ಎನ್ನುತ್ತ ಅಂತೂ ಇವತ್ತು ಹೋದೆ. ಬ್ಯಾಂಕೆಂದರೆ ಏನೋ ಅಂದುಕೊಂಡಿದ್ದೆ. ಹಳೆಯ ಹತ್ತಿ ಗೋದಾಮು ಅದು. ಮೂಲೆಯಲ್ಲಿ ಈಗಲೂ ಹತ್ತಿಕಾಳಿನ ವಾಸನೆ ಬರುತ್ತದೆ. ಬಾಗಿಲಲ್ಲಿ ಬಂದೂಕು ಹಿಡಿದವನು ತೂಕಡಿಸುತ್ತಿದ್ದ, ಬಂದೂಕು ಗೋಡೆಗೆ ಒರಗಿ ಅವನಿಗಿಂತ ಎಚ್ಚರವಾಗಿ ನಿಂತಿತ್ತು. ಒಳಗೆ ಕಬ್ಬಿಣದ ಸರಳು, ಸರಳಿನಾಚೆ ಗುಮಾಸ್ತ ಮಾರುತಿ. ಒಂದು ಬದಿಗೆ ಹಸಿರು ಪರದೆ ಇಳಿಬಿಟ್ಟ ಸಣ್ಣ ಜಾಗ. ಅದು ಗೋಷಾದ, ಪರಗಂಡಸರಿಗೆ ಮುಖ ತೋರಿಸದ, ಹೆಂಗಸರಿಗಂತೆ.

ನನಗೆ ಬಹಳ ದಿನದಿಂದ ಒಂದು ಸಂಶಯವಿತ್ತು. ಮಾರುತಿಯನ್ನು ಕೇಳಿಯೇಬಿಟ್ಟೆ. "ನಾ ಇಟ್ಟ ನೋಟೇ ನನಗ ತಿರುಗಿ ಬರ್ತಾವೇನ್ರಿ?"

"ಬಾಯಾರ, ಬಾವಿಗೆ ಒಂದು ಕೊಡ ಸುರುವಿದ್ರ ಅದೇ ನೀರು ಮ್ಯಾಲ ಬರತದೇನು? ನೀರು ಬರತದ, ಅಷ್ಟ," ಎಂದ.

"ಬಾವಿಗೆ ನೀರು ಸುರುವೋ ಶ್ಯಾಣ್ಯಾ ಯಾರು?" ಎಂದೆ. ಅವನು ನಕ್ಕು ಏಜೆಂಟರ ಮೇಜಿನ ಕಡೆ ಕೈ ತೋರಿಸಿದ.

ಬ್ಯಾಂಕಿನ ಏಜೆಂಟರು ಜಹೀರುದ್ದೀನ್ ಸಾಹೇಬರು. ಹೈದರಾಬಾದ್ ಶಹರದವರು, ಬಡಕಲು ಮೈ, ಇಲ್ಲಿಯ ಕೆಂಪು ಧೂಳಿಗೆ ಹೆದರಿ ಮೂಗಿನ ಹತ್ತಿರ ಸದಾ ಕರವಸ್ತ್ರ. ಅವರ ಉರ್ದು ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಮಾರುತಿ ಹೇಳಿದ. ಹೆಸರು ಬರೆದುಕೊಂಡರು. ಖಾಯಂ ವಿಳಾಸ ಕೇಳಿದಾಗ ಮಾಳಮಡ್ಡಿ, ಧಾರವಾಡ, ಮುಂಬಯಿ ಇಲಾಖೆ ಎಂದು ಒಂದೊಂದಕ್ಷರ ಬಿಡಿಸಿ ಹೇಳಿದೆ. ಅವರು ಅದನ್ನು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆಯುವುದನ್ನು ಬಗ್ಗಿ ನೋಡಿದೆ. ನಮ್ಮ ಮಾಳಮಡ್ಡಿ ಎಷ್ಟು ಚಂದ ಕಾಣುತ್ತದೆ ಆ ಲಿಪಿಯಲ್ಲಿ!

ಇನ್ನು ಬೇಕಾದದ್ದು ಒಂದೇ. ಇಲ್ಲಿ ಖಾತೆಯಿರುವ ಮುಲ್ಕಿಯೊಬ್ಬರು ಬ್ಯಾಂಕಿಗೆ ಬಂದು, ಇವರನ್ನು ನಾನು ಖುದ್ದಾಗಿ ಬಲ್ಲೆ ಎಂದು ಬರೆದು ಸಹಿ ಹಾಕಬೇಕು. ಅದೇನು ಮಹಾ ಕೆಲಸ! ಖಾತೆಯಿರುವ ಸಾವಕಾರರಲ್ಲಿ ಅರ್ಧದಷ್ಟು ಮಂದಿಯ ಮನೆಗೆ ನಾನು ಹೆರಿಗೆಗೆ ಹೋಗಿದ್ದೇನೆ.

೧೬ ಆಗಸ್ಟ್

ಧಾರವಾಡ ಸ್ವತಂತ್ರವಾಯಿತಂತೆ. ಇಲ್ಲಿ ನಿನ್ನೆ ಎಂದಿನ ಶುಕ್ರವಾರ. ರಂಜಾನ್ ಉಪವಾಸದವರು ನೆರಳು ಹುಡುಕಿ ಕೂತಿದ್ದರು, ಊರು ಪಿಸುಮಾತಿನಲ್ಲಿ ಮಾತಾಡುತ್ತಿತ್ತು. ನಿಜಾಮರು ಹಿಂದುಸ್ತಾನಕ್ಕೆ ಸೇರಿಲ್ಲ. ಸೇರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಣ್ಣನ ಮನೆಯ ಮೇಲೆ ಬಾವುಟ ಹಾರಿರಬೇಕು. ಒಬ್ಬಳೇ ಕೂತು ಒಂದು ಚೂರು ಬೆಲ್ಲ ತಿಂದೆ. ಯಾಕೋ ಅಳು ಬಂತು.

ಇವತ್ತು ಬ್ಯಾಂಕಿಗೆ ಹೋದರೆ ಏಜೆಂಟರು ನನ್ನ ಫಾರಮನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಮೊನ್ನೆಯವರೆಗೆ ನಾನು ಹೊರಸೀಮೆಯವಳು, ಈಗ ಹೊರದೇಶದವಳಂತೆ. ಅದಕ್ಕೆ ಬೇರೆ ಫಾರಮು ಬೇಕೋ ಏನೋ, ಶಹರಕ್ಕೆ ಬರೆದು ಕೇಳುತ್ತಾರಂತೆ.

ನಾನು ಹುಮನಾಬಾದಿನಿಂದ ಕದಲಿಲ್ಲ, ಧಾರವಾಡವೂ ಕದಲಿಲ್ಲ. ಹಾಗಿದ್ದೂ ಎರಡರ ನಡುವೆ ರಾತ್ರೋರಾತ್ರಿ ಒಂದು ದೇಶದಷ್ಟು ದೂರ ಹೇಗೆ ಬೆಳೆಯಿತು? ಮಾರುತಿಯನ್ನು ಕೇಳಿದೆ. "ನನಗೂ ಅದ ತಿಳಿವಲ್ದು ಬಾಯಾರ, ನಮ್ಮ ಬೀಗರು ಸೊಲ್ಲಾಪುರದಾಗ ಅದಾರ," ಎಂದ.

೨೬ ಆಗಸ್ಟ್

ಶಹರದಿಂದ ಉತ್ತರ ಬಂದಿದೆ. ಹಳೆಯ ಫಾರಮೇ ನಡೆಯುತ್ತದೆ, ಗುರುತು ಹೇಳುವವರು ಮಾತ್ರ ಬೇಕೇ ಬೇಕು. ಹಾಗಾಗಿ ಈ ವಾರವೆಲ್ಲ ಸಾವಕಾರರ ಅಂಗಡಿಗಳ ಕಟ್ಟೆ ಸವೆಸಿದೆ.

ಮೊದಲು ಜ್ಞಾನೇಶ್ವರ ಸಾವಕಾರರ ಅಡತಿ ಅಂಗಡಿ. ದವಾಖಾನೆ ಕಮಿಟಿಯಲ್ಲೂ ಅವರೇ ದೊಡ್ಡವರು. ಹೋದ ವರ್ಷ ಅವರ ಹೆಂಡತಿಗೆ ಅವಳಿ ಮಕ್ಕಳಾದಾಗ ಎರಡು ದಿನ ಅವರ ಮನೆಯಲ್ಲೇ ಇದ್ದೆ. ಚಹಾ ತರಿಸಿದರು, ಗಾದಿಯ ಮೇಲಿನ ಧೂಳು ತಾವೇ ಜಾಡಿಸಿದರು. ವಿಷಯ ಹೇಳಿದ ಕೂಡಲೇ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನರ್ಸಬಾಯಾರ, ನೀವು ನಮ್ಮ ಮನೀಗೆ ದೇವರಿದ್ದಂಗ. ಬೇರೆ ಏನರೆ ಕೇಳ್ರಿ. ಪರಹೆಣ್ಣಮಗಳನ್ನ ನಾ ಖುದ್ದ ಬಲ್ಲೆ ಅಂತ ಸರಕಾರಿ ಕಾಗದದ ಮ್ಯಾಲ ಹ್ಯಾಂಗ ಬರೀಲಿ? ಆ ಮಾತು ಮನೀ ಮುಟ್ಟೋದ್ರಾಗ ನಮ್ಮ ಒಲಿ ಆರಿರತದ."

"ನಿಮ್ಮ ಮನೀಯವರಿಗೆ ನಾ ಗೊತ್ತಿಲ್ಲೇನ್ರಿ?"

"ಗೊತ್ತದರಿ. ನಿಮಗ ಗೊತ್ತದ, ಆಕಿಗೆ ಗೊತ್ತದ. ಕಾಗದಕ್ಕ ಗೊತ್ತಾಗಬಾರದು."

ಉಳಿದ ಅಂಗಡಿಗಳಲ್ಲೂ ಇದೇ ಹಾಡು. ಒಬ್ಬರು ತಮ್ಮ ಮುದಿತಾಯಿಯಿಂದ ಹೇಳಿಸುತ್ತೇನೆ ಎಂದರು, ಆದರೆ ಮುದಿತಾಯಿಗೆ ಖಾತೆಯಿಲ್ಲ. ಹುಕುಂ ಮಾಡುವವರು ಇವರೇ, ಸಹಿ ಮಾಡದವರೂ ಇವರೇ. ಖಾತೆಯಿರುವವರೆಲ್ಲ ಗಂಡಸರು, ನನ್ನನ್ನು ಬಲ್ಲವರೆಲ್ಲ ಹೆಂಗಸರು. ಸಿಟ್ಟು ನೆತ್ತಿಗೇರಿದೆ. ಆದರೂ ಬ್ಯಾಂಕಿನ ಈ ಗುರುತಿನ ಕಟ್ಟಳೆ ಮಾಡಿದವನು ಯಾರಿರಬಹುದೆಂದು ಕುತೂಹಲ. ಅವನ ಹೆಂಡತಿಯ ಹೆರಿಗೆಗೆ ನಾನು ಹೋಗಿರಲಿಕ್ಕಿಲ್ಲ.

೯ ಸೆಪ್ಟೆಂಬರ್

ಅಣ್ಣನ ಕಾಗದ ಹನ್ನೆರಡು ದಿನಕ್ಕೆ ಬಂತು. ಗಡಿಯ ಕಡೆ ಗಲಾಟೆ, ಹೆಂಗಸು ಒಬ್ಬಳೇ ಅಲ್ಲಿರುವುದು ಬೇಡ, ದೀಪಾವಳಿಗೆ ಬಂದುಬಿಡು, ನಿನ್ನ ವೈನಿಗೂ ಕೈಲಾಗುವುದಿಲ್ಲ ಎಂದು ಬರೆದಿದ್ದಾನೆ. ಕೊನೆಯ ಮಾತೇ ಮೊದಲಿನ ಮಾತು ಎಂದು ನನಗೆ ಗೊತ್ತು. ನನ್ನ ಪೆಟ್ಟಿಗೆ ಕಟ್ಟಿಯೇ ಇದೆ, ನವೆಂಬರ್ ತನಕ ನೋಡುತ್ತೇನೆ ಎಂದು ಉತ್ತರ ಬರೆದೆ.

ಬರೆದು ಮುಗಿಸುವಷ್ಟರಲ್ಲಿ ಹತ್ತಿರದ ಹುಡಗಿ ಎಂಬ ಹಳ್ಳಿಯಿಂದ ಬಂಡಿ ಬಂತು. ಅಲ್ಲಿ ಕಷ್ಟದ ಹೆರಿಗೆ. ಈ ಕಡೆ ಹೆರುವವಳು ಹಿಡಿದು ಜೀಕಲು ಜಂತಿಗೆ ಹಗ್ಗ ಕಟ್ಟುತ್ತಾರೆ. ಹೋದ ಸಲ ಅದೇ ಊರಲ್ಲಿ ಎತ್ತಿನ ಹಳೆಯ ಹಗ್ಗ ಕಟ್ಟಿ ಅದು ಹರಿದು ಬಿದ್ದಿತ್ತು. ಬಾಯಿಗೆ ಬಂದಂತೆ ಬೈದು ಬಂದಿದ್ದೆ. ಈ ಸಲ ನನ್ನ ಪೆಟ್ಟಿಗೆಯ ಹಗ್ಗವನ್ನೇ ಬಿಚ್ಚಿಕೊಂಡು ಹೋದೆ. ಧಾರವಾಡದ ಸಂತೆಯ ಗಟ್ಟಿ ನಾರಿನ ಹಗ್ಗ. ಗಂಡು ಕೂಸು, ತಾಯಿ ಕ್ಷೇಮ. ಹಗ್ಗ ತೊಳೆದು ಒಣಹಾಕಿದ್ದೇನೆ. ನಾಳೆ ಮತ್ತೆ ಪೆಟ್ಟಿಗೆಗೆ ಕಟ್ಟಬೇಕು.

೨೮ ಸೆಪ್ಟೆಂಬರ್, ಕಲ್ಯಾಣಿ

ಇಲ್ಲಿಗೆ ಬಂದು ವಾರವಾಯಿತು. ಬೀಬಿಜಾನ ಎಂಬ ಹಿರಿಯರ ಸೊಸೆ ವಹೀದಾಳದು ಚೊಚ್ಚಲ ಹೆರಿಗೆ. ಡಾಕ್ಟರ್ ಸಾಹೇಬರೇ ಕಳಿಸಿದರು. ಮೋಟಾರಿನಲ್ಲಿ ಸಸ್ತಾಪುರದ ತನಕ ಬಂದು, ಅಲ್ಲಿಂದ ಪೀರ್ ಪಾಷಾನ ಟಾಂಗಾ ಹಿಡಿದು ಕೋಟೆಯ ಬಗಲಿನ ಈ ಮನೆಗೆ ಬಂದೆ. ಹಗ್ಗವನ್ನೂ ತಂದಿದ್ದೆ, ಒಳ್ಳೆಯದೇ ಆಯಿತು. ಒಂದೂವರೆ ದಿನ ಆ ಹುಡುಗಿ ಅದಕ್ಕೇ ಜೋತುಬಿದ್ದಿದ್ದಳು. ಹೆಣ್ಣು ಕೂಸು. ಇಬ್ಬರೂ ಉಳಿದರು.

ಬೀಬಿಜಾನರಿಗೆ ಅರವತ್ತರ ಮೇಲಾಗಿರಬೇಕು. ಗಂಡ ಹತ್ತಿ ವ್ಯಾಪಾರ ಮಾಡಿ ತೀರಿಕೊಂಡವರು. ಈಕೆಯ ದನಿ ಎಂಥದ್ದೆಂದರೆ ಅಡಿಗೆಮನೆಯಲ್ಲಿ ಉಪ್ಪು ಕೇಳಿದರೆ ಕೋಟೆಯ ಬಾಗಿಲಿನವರು ತಂದುಕೊಡಬೇಕು. ಮೊದಲ ದಿನ ನನಗೆ ಬೇರೆ ಒಲೆ ಹಾಕಿಸಿ ಹೊಸ ಮಡಕೆ ತರಿಸಿಕೊಟ್ಟರು. ನಾಲ್ಕನೆಯ ದಿನಕ್ಕೆ ಆ ಒಲೆಯ ಹತ್ತಿರ ತಾವೇ ಬಂದು ಕೂತು, ಧಾರವಾಡದವರು ಸಾರಿಗೆ ಬೆಲ್ಲ ಹಾಕುವುದು ಖರೆಯೇ ಎಂದು ಕೇಳಿದರು. ಖರೆ ಎಂದೆ. "ತೌಬಾ!" ಎಂದು ಕೆನ್ನೆ ಬಡಿದುಕೊಂಡರು, ಮರುದಿನ ಒಂದು ಬಟ್ಟಲು ಇಸಿದುಕೊಂಡು ಕುಡಿದರು.

ಮಾತಿಗೆ ಮಾತು ಬಂದು ಬ್ಯಾಂಕಿನ ಕಥೆ ಹೇಳಿದೆ. ಅವರು ನಕ್ಕದ್ದಕ್ಕೆ ತೊಟ್ಟಿಲಿನ ಕೂಸು ಎದ್ದಿತು. ಅವರಿಗೂ ಅದೇ ಬ್ಯಾಂಕಿನಲ್ಲಿ ಖಾತೆಯಿದೆಯಂತೆ! ಕಲ್ಯಾಣಿ ನವಾಬರ ಜಾಗೀರು, ಇಲ್ಲಿ ಬ್ಯಾಂಕಿಲ್ಲ. ಹತ್ತಿ ಮಾರಿದ ಮೇಲೆ ವರ್ಷಕ್ಕೊಮ್ಮೆ ಹುಮನಾಬಾದಿಗೆ ಬರುತ್ತಾರೆ.

"ಗೋಷಾದಾಗ ಇದ್ದವರನ್ನ ಬ್ಯಾಂಕಿನವರು ಹ್ಯಾಂಗ ಗುರುತು ಹಿಡಿತಾರ್ರಿ?"

"ನನ್ನ ದನಿ ಬೇಟಿ! ನನ್ನ ಯಜಮಾನರು ಇದ್ದಾಗನ ಮಾತಾಡಿ ಇಟ್ಟಾರ. ನಾ ಪರದೇದಾಗ ಕುಂತು ಒಂದು ಸಲಾಂ ಹೇಳೂದು, ಸಾಬ ಆ ಕಡಿ ಪೆನ್ನು ಹಿಡಿಯೂದು, ನಾ ಬೆರಳು ಒತ್ತೂದು. ನಿನ್ನ ಮಾರಿ ಊರೆಲ್ಲಾ ನೋಡ್ಯಾರ, ಗುರುತು ಹೇಳಾಕ ಒಬ್ಬರಿಲ್ಲ. ನನ್ನ ಮಾರಿ ಯಾರೂ ನೋಡಿಲ್ಲ, ಗುರುತು ಕೇಳೂ ಹಿಮ್ಮತ್ತು ಯಾರಿಗದ?"

ನಾನು ಬಾಯಿ ಬಿಡುವ ಮೊದಲೇ ಅವರೇ ಅಂದರು, "ನಾ ಬರ್ತೀನಿ. ನಾ ಬೆರಳು ಒತ್ತತೀನಿ. ಈಕಿ ನನ್ನ ಮನ್ಯಾಗಿನವಳು ಅಂತೀನಿ." ನಾನು ಎದ್ದು ಅವರ ಕಾಲು ಹಿಡಿಯಲು ಹೋದೆ. ಕೈ ಮೇಲೆ ಫಟ್ಟನೆ ಹೊಡೆದರು.

ನಾಳೆ ಹೊರಡುತ್ತೇನೆ. ಹಗ್ಗ ಮಾತ್ರ ಇಲ್ಲೇ ಉಳಿಯಿತು, ಕೂಸಿನ ತೊಟ್ಟಿಲು ಅದರ ಮೇಲೆ ತೂಗಾಡುತ್ತಿದೆ. ಅವರು ಬ್ಯಾಂಕಿಗೆ ಬರುವಾಗ ತರುತ್ತಾರೆ.

೭ ಅಕ್ಟೋಬರ್, ಹುಮನಾಬಾದ

ಏಜೆಂಟರು ಒಪ್ಪಿದರು. ಬೀಬಿಜಾನ್ ಸಾಹೇಬಾ ಹೇಳಿದರೆ ಸಾಕು, ಆದರೆ ಅವರೇ ಬರಬೇಕು. ಇವತ್ತು ಮಾರುತಿ ಊಟಕ್ಕೆ ಹೋಗಿದ್ದ. ಏಜೆಂಟರೂ ನಾನೂ ಒಂದು ತಾಸು ಉರ್ದುವಿನಲ್ಲೇ ಮಾತಾಡಿದೆವು, ಅರ್ಥ ಹೇಳಲು ಅವನಿಲ್ಲದ್ದು ಎದ್ದು ಬರುವಾಗ ಗೊತ್ತಾಯಿತು. ಏಜೆಂಟರ ಹೆಂಡತಿ ಮಕ್ಕಳು ಶಹರದಲ್ಲಿದ್ದಾರಂತೆ. ಇಲ್ಲಿ ಬಂದು ವರ್ಷವಾದರೂ ಹಬ್ಬಕ್ಕೆ ಯಾರೂ ಮನೆಗೆ ಕರೆದಿಲ್ಲವಂತೆ. ಬ್ಯಾಂಕಿನವರೆಂದರೆ ಜನ ದೂರದಿಂದಲೇ ಸಲಾಂ ಹೊಡೆಯುತ್ತಾರೆ. ಅವರು ಮುಲ್ಕಿ, ಆದರೂ ಇಲ್ಲಿಯ ಜೋಳದ ರೊಟ್ಟಿ ಮುರಿಯುವುದು ಹೇಗೆಂದು ಗೊತ್ತಿಲ್ಲ. ಬಿಸಿ ಇರುವಾಗ ತಿನ್ನಬೇಕು ಎಂದು ಹೇಳಿ ಬಂದೆ.

೨೫ ಅಕ್ಟೋಬರ್

ನಿನ್ನೆ ದಸರೆ, ಇವತ್ತು ಬಕ್ರೀದ್. ಬನ್ನಿ ಕೊಡಲು ಬಂದ ಹೆಂಗಸರು ಕೋಣೆಯಲ್ಲಿ ಹಿಡಿಸಲಿಲ್ಲ. ಕೂರಲು ಜಾಗ ಸಾಲದೆ ಪೆಟ್ಟಿಗೆಯನ್ನು ಬಾಗಿಲ ಬದಿಗೆ ಎಳೆದು ಮೇಲೆ ಕಂಬಳಿ ಹಾಸಿದೆ. ಅದರೊಳಗಿನ ಸಾಮಾನು ಅಡ್ಡಬರುತ್ತಿತ್ತು, ತೆಗೆದು ಗೂಡಿನಲ್ಲಿಟ್ಟೆ. ಏಜೆಂಟ್ ಸಾಹೇಬರಿಗೆ ಬನ್ನಿ ಕಳಿಸಿದೆ, ಅವರು ಶೀರ್‌ಕುರ್ಮಾ ಎಂಬ ಹಾಲಿನ ಪಾಯಸ ಕಳಿಸಿದರು. ಕೇಶರಬಾಯಿ ಮೂಗು ಮುರಿದಳು, ಆಮೇಲೆ ಒಳಗೆ ಏನೇನು ಹಾಕಿರುತ್ತಾರೆ ಎಂದು ಕೇಳಿದಳು.

೧೭ ನವೆಂಬರ್

ದೀಪಾವಳಿ ಹೋಯಿತು. ಬೀಬಿಜಾನರ ಸುದ್ದಿಯಿಲ್ಲ. ಸೊಲ್ಲಾಪುರದ ರಸ್ತೆಯಲ್ಲಿ ಮೋಟಾರು ಯಾವಾಗ ಓಡುತ್ತದೋ ಯಾವಾಗ ನಿಲ್ಲುತ್ತದೋ ದೇವರಿಗೇ ಗೊತ್ತು. ಕೆಲವು ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿದೆಯಂತೆ, ಜನ ಗಡಿ ದಾಟಿದ್ದಾರಂತೆ. ಇಂಥ ಹೊತ್ತಿನಲ್ಲಿ ಒಬ್ಬ ಹಿರಿಯ ಹೆಂಗಸು ನನ್ನ ಸಲುವಾಗಿ ಬರಬೇಕೇ? ಬರಬೇಡಿ ಎಂದು ಹೇಳಿಕಳಿಸಲು ಕೂತೆ. ಆದರೆ ಹೇಳಿಕಳಿಸಲಿಲ್ಲ. ಭಯವಾಗುತ್ತಿದೆ, ಅಷ್ಟೇ. ಬೀದರಿನ ನರ್ಸಿಗೆ ಕಮಿಟಿ ಮಾತಾಡಿಟ್ಟಿದೆ ಎಂದು ಡಾಕ್ಟರ್ ಸಾಹೇಬರು ತಲೆ ತಗ್ಗಿಸಿ ಹೇಳಿದರು.

ಅವಳಿಗೆ ಹುಡಗಿಯ ದಾರಿ ಗೊತ್ತಿದೆಯೇ? ಯಾರ ಮನೆಯಲ್ಲಿ ಯಾವ ಸೊಸೆ ಹೆದರುಪುಕ್ಕಲಿ ಎಂದು ಅವಳಿಗೆ ಯಾರು ಹೇಳುತ್ತಾರೆ?

೨೭ ನವೆಂಬರ್

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ದವಾಖಾನೆಗೆ ಟಾಂಗಾದ ಪೀರ್ ಪಾಷಾ ಓಡಿಬಂದ. ಮೋಟಾರು ಸಿಗದೆ ಬೀಬಿಜಾನರು ಕಲ್ಯಾಣಿಯಿಂದ ಪರದೆ ಕಟ್ಟಿದ ಎತ್ತಿನ ಬಂಡಿಯಲ್ಲೇ ಬಂದಿದ್ದಾರೆ, ದಾರಿಯ ರಾಜೇಶ್ವರದಲ್ಲಿ ಒಂದು ರಾತ್ರಿ ಕಳೆದು. ನಾನು ಬ್ಯಾಂಕಿಗೆ ಹೋಗುವ ಹೊತ್ತಿಗೆ ಅವರು ಹಸಿರು ಪರದೆಯ ಹಿಂದೆ ಕೂತಾಗಿತ್ತು. ಸಾಲಿನಲ್ಲಿ ಸಾವಕಾರರೆಲ್ಲ ಇದ್ದರು, ಜ್ಞಾನೇಶ್ವರ ಸಾವಕಾರರೂ. ಏಜೆಂಟರು ಪರದೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಅದಬಿನಿಂದ, ತಲೆ ಬಾಗಿಸಿ, ಕುಶಲ ಕೇಳಿದರು.

ಒಳಗಿನಿಂದ ಏನೂ ಬರಲಿಲ್ಲ. ಮತ್ತೆ ಕೇಳಿದರು. ತೂತುಬಿದ್ದ ತಿದಿಯಿಂದ ಗಾಳಿ ಹೊರಟಂಥ ಸದ್ದು ಬಂತು. ದಾರಿಯ ಧೂಳು, ಚಳಿ, ಎರಡು ದಿನದ ಕೆಮ್ಮು. ಬೀಬಿಜಾನರ ದನಿ ಹೋಗಿಬಿಟ್ಟಿತ್ತು!

ಏಜೆಂಟರು ಕರವಸ್ತ್ರ ಮಡಿಸಿದರು, ಬಿಚ್ಚಿದರು. ಇದು ಬೀಬಿಜಾನ್ ಸಾಹೇಬಾ ಅವರ ದನಿಯಲ್ಲ ಎಂದರು. ದನಿ ಕೇಳದೆ ಬೆರಳು ಒತ್ತಿಸಿಕೊಳ್ಳುವಂತಿಲ್ಲ, ಪರದೆ ಎತ್ತಿ ನೋಡುವಂತಿಲ್ಲ. ಕಾಲ ಕೆಟ್ಟಿದೆ, ಯಾರ ಹೆಸರಿನಲ್ಲಿ ಯಾರು ಬರುತ್ತಾರೋ. ಹೀಗಾದರೆ ನನ್ನ ಗುರುತಿನ ಮಾತು ಅತ್ತ ಇರಲಿ, ಅವರ ಖಾತೆಯನ್ನೇ ತಡೆಹಿಡಿಯಬೇಕಾಗುತ್ತದೆ ಎಂದರು.

ನಾನು ಕೇಳದೆ ಪರದೆಯೊಳಗೆ ನುಗ್ಗಿದೆ. ಆ ಹುಲಿಯಂಥ ಹೆಂಗಸು ಬುರ್ಖಾ ಮೇಲೆತ್ತಿ ಕೂತು ಅಳುತ್ತಿದ್ದರು. ಗಂಡ ಕಟ್ಟಿಟ್ಟ ದುಡ್ಡು ಆಚೆ, ತಾನು ಈಚೆ, ನಡುವೆ ತನ್ನ ಹೆಸರನ್ನು ತಾನೇ ಹೇಳಲಾಗದ ಬಾಯಿ. ನನ್ನ ಮುಂಗೈ ಹಿಡಿದರು. ವಹೀದಾ ಹಗ್ಗ ಹಿಡಿದದ್ದು ಹಾಗೇ.

ಹೊರಗೆ ಬಂದು ಹೇಳಿದೆ, ಉರ್ದುವಿನಲ್ಲೇ ಹೇಳಿದೆ, ಇವರೇ ಬೀಬಿಜಾನ್, ನಾನು ಬಲ್ಲೆ ಎಂದು.

"ನಿಮ್ಮನ್ನು ಬಲ್ಲವರು ಯಾರು?" ಎಂದರು ಏಜೆಂಟರು.

"ಬೀಬಿಜಾನ್."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಏಜೆಂಟರು ನಗಲಿಲ್ಲ. ಅವರಿಗೆ ನಿಜಕ್ಕೂ ಸಂಕಟ. ನಿಮ್ಮ ಮಾತಿನ ಮೇಲೆ ಅವರನ್ನು ನಂಬಿ, ಅವರ ಮಾತಿನ ಮೇಲೆ ನಿಮ್ಮನ್ನು ನಂಬಿದರೆ ನನ್ನ ನೌಕರಿ ಉಳಿಯುವುದಿಲ್ಲ ಬಾಯಿ ಎಂದರು. ಅಣ್ಣನ ಒಲೆಯ ಹೊಗೆ ಅಲ್ಲಿಯೇ ಮೂಗಿಗೆ ಬಡಿಯಿತು.

ಆಗ ಜ್ಞಾನೇಶ್ವರ ಸಾವಕಾರರು ಸಾಲು ಬಿಟ್ಟು ಮುಂದೆ ಬಂದರು. ನನ್ನ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡುತ್ತ ಮಾತಾಡಿದರು.

"ಸಾಬ, ಒಂದು ಮಾತು. ಹೋದ ವರ್ಷ ನಮ್ಮ ಮನ್ಯಾಗ ಬಾಗಲಾ ಹಾಕಿತ್ತು. ಈ ನರ್ಸಬಾಯಿ ಹೊರಗ ಬಂದು, ಎರಡು ಕೂಸು, ಎರಡೂ ಗಂಡು, ತಾಯಿ ಆರಾಮ ಅಂದ್ಳು. ನಾ ಒಳಗ ಹೋಗಿ ನೋಡಿದ್ನೇನು? ನಿಂತ ಕಾಲ ಮ್ಯಾಲ ಊರಿಗೆ ಪೇಡೆ ಹಂಚಿದೆ. ಇಲ್ಲಿ ನಿಂತವರೆಲ್ಲಾ ಹಂಚ್ಯಾರ. ಪರದೇದ ಒಳಗಿನ ಸುದ್ದಿ ಗಂಡಸರಿಗೆ ತಂದು ಹೇಳೂದ ಆಕಿ ಕೆಲಸ. ಇವತ್ತಿನ ತನಕ ಒಂದು ಸುಳ್ಳು ಬಂದಿಲ್ಲ."

"ಹಾಗಾದರೆ ಇವರನ್ನು ಬಲ್ಲೆ ಎಂದು ಬರೆದುಕೊಡುತ್ತೀರಾ?" ಎಂದರು ಏಜೆಂಟರು. ಮಾರುತಿ ಕನ್ನಡದಲ್ಲಿ ಹೇಳಿದ.

"ಹಂಗ ಬರಿಯೂದಿಲ್ಲರಿ!" ಎಂದು ಸಾವಕಾರರು ಬೆಚ್ಚಿದರು. "ಆಕಿನ್ನ ಬಲ್ಲೆ ಅಂತ ಬರಿಯೂದಿಲ್ಲ. ಆಕಿ ಮಾತು ಖರೆ ಅಂತ ಬರೀತೀನಿ. ಅದಕ್ಕ ನಮ್ಮ ಮನ್ಯಾಗ ಯಾರೂ ಜಗಳ ತಗಿಯೂದಿಲ್ಲ."

ಏಜೆಂಟರು ಒಂದು ಹೊಸ ಕಾಗದ ಎಳೆದುಕೊಂಡರು. ನಾನು ಆ ಹೊತ್ತಿನಲ್ಲೂ ನೋಡುತ್ತಿದ್ದೆ, ಅವರ ತುಟಿ ಲೆಕ್ಕ ಹಾಕುವವರಂತೆ ಅಲ್ಲಾಡುತ್ತಿತ್ತು. ಆಮೇಲೆ ಬರೆಯತೊಡಗಿದರು. ನರ್ಸಿನ ಮಾತಿಗೆ ಸಾವಕಾರರ ಸಹಿ. ಬೀಬಿಜಾನರ ಗುರುತಿಗೆ ನನ್ನ ಸಹಿ. ನನ್ನ ಗುರುತಿಗೆ ಪರದೆಯಡಿಯಿಂದ ಹೊರಬಂದ ಬೀಬಿಜಾನರ ಹೆಬ್ಬೆರಳು. ಸಾಲಿನಲ್ಲಿದ್ದ ಇನ್ನಿಬ್ಬರು ತಾವೂ ಸಹಿ ಹಾಕುತ್ತೇವೆ ಎಂದು ಮುಂದೆ ಬಂದರು. ಆಗಸ್ಟಿನಲ್ಲಿ ಎಲ್ಲಿದ್ದಿರೋ ಪುಣ್ಯಾತ್ಮರೇ ಎಂದು ಕೇಳಬೇಕೆಂದಿದ್ದೆ, ಬಾಯಿ ಕಟ್ಟಿಕೊಂಡೆ.

ಅಷ್ಟರಲ್ಲಿ ಹುಡಗಿಯಿಂದ ಬಂಡಿ ಬಂದು ಹೊರಗೆ ನಿಂತಿತ್ತು. ಬಂಡಿಯವನು ಕಿಟಕಿಯಲ್ಲಿ ತಲೆಯಿಟ್ಟು ಕೂಗುತ್ತಿದ್ದಾನೆ. ಏಜೆಂಟರು ಜುಲೈ ತಿಂಗಳ ಫಾರಮು ತೆಗೆದು, ಖಾಯಂ ವಿಳಾಸ ಮಾಳಮಡ್ಡಿ, ಧಾರವಾಡ, ಹಾಗೇ ಇರಲೇ ಎಂದು ಸಾವಕಾಶವಾಗಿ ಓದುತ್ತ ಕೂತರು.

"ಹುಮನಾಬಾದ ಅಂತ ಬರಕೋರಿ ಸಾಬ. ಹುಡಗ್ಯಾಗ ಬ್ಯಾನಿ ತಿನ್ನಾಕತ್ತಾಳ, ಇಲ್ಲಿ ಹೊತ್ತಾಗಾಕತ್ತದ," ಎಂದೆ.

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಯಾಕೆ ನೋಡಿದರೋ ತಿಳಿಯಲಿಲ್ಲ. ಸಹಿ ಹಾಕಿ ಓಡಿದೆ. ಹೋಗುವಾಗ ಪರದೆಯೊಳಗೆ ಬಗ್ಗಿ ಬೀಬಿಜಾನರಿಗೆ ಬಿಸಿನೀರು, ಅರಿಸಿನ, ಎರಡು ದಿನ ಮೌನ ಎಂದು ಹೇಳಿದೆ. ಮೌನ ಎಂದದ್ದಕ್ಕೆ ಅಂಥ ಸ್ಥಿತಿಯಲ್ಲೂ ನಕ್ಕರು.

ಹುಡಗಿಯಲ್ಲಿ ಹೆಣ್ಣು ಕೂಸು. ಬೇರೆ ಹಗ್ಗ ಕೊಂಡುಕೊಂಡೆ.

೩೦ ನವೆಂಬರ್

ಪಾಸುಬುಕ್ಕು ಬಂತು. ಇಷ್ಟು ತೆಳ್ಳಗಿರುತ್ತದೆಂದು ಗೊತ್ತಿರಲಿಲ್ಲ. ಮೂಸಿ ನೋಡಿದೆ, ಹತ್ತಿಕಾಳಿನ ವಾಸನೆ. ಬೀದರಿನ ನರ್ಸಿಗೆ ಬರಬೇಡವೆಂದು ಹೇಳಿಕಳಿಸಿದ್ದಾರೆ. ಡಾಕ್ಟರ್ ಸಾಹೇಬರು ನನ್ನ ಮುಂದೆ ಖುಷಿ ತೋರಿಸಬಾರದೆಂದು ಎರಡು ಸಲ ಕೆಮ್ಮಿದರು.

೨೦ ಡಿಸೆಂಬರ್

ಅಣ್ಣನ ಕಾಗದ. ಪೆಟ್ಟಿಗೆ ಕಟ್ಟಿಟ್ಟಿರು, ಸಂಕ್ರಾಂತಿಗೆ ಬಂದು ಕರೆದೊಯ್ಯುತ್ತೇನೆ ಎಂದಿದ್ದಾನೆ. ಹಗ್ಗ ಕಲ್ಯಾಣಿಯಲ್ಲಿದೆ, ಮಲಗಿದ ಕೂಸಿನ ತೊಟ್ಟಿಲು ಬಿಚ್ಚಿ ತರಲಿಕ್ಕಾಗುವುದಿಲ್ಲ ಎಂದು ಬರೆದೆ. ಇದನ್ನು ಓದಿ ಅವನಿಗೆ ಏನರ್ಥವಾಗುತ್ತದೋ. ಇರುವ ವಿಷಯ ಬರೆದಿದ್ದೇನೆ.

೧೯ ಜನವರಿ ೧೯೪೮

ದವಾಖಾನೆಗೆ ಹೊಸ ಕಂಪೌಂಡರ್ ಬಂದು ತಿಂಗಳಾಯಿತು. ಹುಸೇನ ಎಂದು ಹೆಸರು, ವಿಜಾಪುರದವರು, ಗೈರ್ ಮುಲ್ಕಿ. ಇವತ್ತು ಬಾಟಲಿ ತೊಳೆಯುತ್ತ ಮೆಲ್ಲಗೆ ವಿಷಯ ತೆಗೆದರು. ಅವರಿಗೂ ಬ್ಯಾಂಕ್ ಖಾತೆ ಆಗಬೇಕಂತೆ. ಬಾಯಾರ, ನಿಮ್ಮ ಖಾತಿ ಅದ, ಖಾಯಂ ವಿಳಾಸ ಇಲ್ಲಿದೇ ಅದ, ನಿಮ್ಮ ಸಹಿ ನಡೀತದಂತ ಬ್ಯಾಂಕಿನವರು ಅಂದಾರ, ನಾ ಗೊತ್ತು ಅಂತ ಒಂದು ಸಹಿ ಹಾಕ್ರಿ ಎಂದರು.

ಮನುಷ್ಯ ಒಳ್ಳೆಯವರೇ. ಅಳತೆ ತಪ್ಪುವುದಿಲ್ಲ, ರೋಗಿಗಳ ಮೇಲೆ ರೇಗುವುದಿಲ್ಲ. ಆದರೆ ಹೊರಗಿನಿಂದ ಬರುವವರ ಮಾತು ನಮಗೇನು ಗೊತ್ತು? ಇವತ್ತು ಬರುತ್ತಾರೆ, ನಾಳೆ ಮೋಟಾರು ಹತ್ತುತ್ತಾರೆ, ಆಮೇಲೆ ಏಜೆಂಟ್ ಸಾಹೇಬರಿಗೆ ಮುಖ ತೋರಿಸಬೇಕಾದವಳು ನಾನು. ಆಗಲಿ ನೋಡೋಣ ಎಂದೆ.

ಸಂಜೆ ದವಾಖಾನೆ ಮುಚ್ಚುವಾಗ ಅವರ ಕೋಣೆಯ ಬಾಗಿಲು ತೆರೆದಿತ್ತು. ಬಗ್ಗಿ ನೋಡಿದೆ. ಹಾಸಿಗೆಯ ಬದಿಯಲ್ಲಿ ಪೆಟ್ಟಿಗೆಯಿದೆ, ಅದರ ಹಗ್ಗ ಇನ್ನೂ ಬಿಚ್ಚಿಲ್ಲ. ಮೊದಲು ಅದನ್ನು ಬಿಚ್ಚಲಿ.